ಚೀಮೇನಿಗೆ ಅಣುಸ್ಥಾವರ ಬಂದರೆ ನಮ್ಮನ್ನು ಕಾಯುವವರು ಯಾರು?

ಪ್ರಶ್ನೆ: ನನ್ನ ತವರು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಎಣ್ಮಕಜೆ ಪಂಚಾಯತಿನಲ್ಲಿ. ಮದುವೆಯಾಗಿ ಬಂದದ್ದು ನೀಲೇಶ್ವರದ ಕಡೆಗೆ. ಗೇರುತೋಟಕ್ಕೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುತ್ತಿದ್ದ ಕಾಲದಲ್ಲಿ ನಾನು ಶಾಲೆಗೆ ಹೋಗುವ ಹುಡುಗಿ. ಹೆಲಿಕಾಪ್ಟರ್ ಬಂತೆಂದರೆ ನೋಡಲು ಅಂಗಳಕ್ಕೆ ಓಡುತ್ತಿದ್ದೆವು. ಆಗಲೂ "ಏನೂ ಆಗುವುದಿಲ್ಲ" ಅಂದಿದ್ದರು. ಈಗ ನಮ್ಮ ಹತ್ತಿರದ ಚೀಮೇನಿಗೆ ಅಣುಸ್ಥಾವರ ಬರುತ್ತದಂತೆ. ಸ್ಥಾವರದ ಚಿಮಣಿಯಿಂದ ದಿನಾ ವಿಕಿರಣ ಬಿಡುತ್ತಾರೆ, ಸುತ್ತಲಿನ ಹಾಲು ಕುಡಿಯುವ ಹಾಗಿಲ್ಲ ಎಂದು ವಾಟ್ಸಾಪಿನಲ್ಲಿ ಬರುತ್ತಿದೆ. ಇದು ನಿಜವೇ? ಅಳೆಯುವವರು ಯಾರು? ಕಟ್ಟುವುದೂ ಸರಕಾರ, ತಪಾಸಣೆ ಮಾಡುವುದೂ ಸರಕಾರ ಅಲ್ವಾ? ಅಯೋಡಿನ್ ಮಾತ್ರೆ ತಂದಿಡಬೇಕೇ? ಜಾಗ ಮಾರಿ ಹೋಗುವುದು ಒಳ್ಳೆಯದೇ? ನಮ್ಮ ಬಾವಿ ನೀರನ್ನು ಈಗಲೇ ಬಾಟಲಿಯಲ್ಲಿ ತುಂಬಿಸಿಟ್ಟರೆ ಮುಂದೆ ಸಾಕ್ಷಿಗೆ ಆಗುತ್ತದೆಯೇ?
— ಓದುಗರೊಬ್ಬರು, ನೀಲೇಶ್ವರ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಹೆದರಿಕೆ ವಿಕಿರಣಕ್ಕಿಂತ ಜಾಸ್ತಿ "ಏನೂ ಆಗುವುದಿಲ್ಲ" ಎಂಬ ಮಾತಿನ ಬಗ್ಗೆ ಇದೆ. ಅದು ನ್ಯಾಯವಾದ ಹೆದರಿಕೆ. ಅಣುಸ್ಥಾವರವೊಂದರ ಪಕ್ಕದ ಪರಿಸರ ಪ್ರಯೋಗಾಲಯದಲ್ಲಿ ಹಾಲು, ಅಕ್ಕಿ, ಮೀನು, ಬಾವಿನೀರು ಅಳೆಯುತ್ತಾ ನನ್ನ ಅರ್ಧ ಆಯುಷ್ಯ ಕಳೆದಿದೆ. ಹಾಗಾಗಿ ಗೊತ್ತಿರುವುದನ್ನು ಗೊತ್ತಿರುವ ಹಾಗೆಯೇ ಹೇಳುತ್ತೇನೆ.

ಮೊದಲು ಸುದ್ದಿಯ ವಿಷಯ. 2024ರಲ್ಲಿ ಕೇರಳದಲ್ಲಿ ಅಣುಸ್ಥಾವರದ ಮಾತು ಮತ್ತೆ ಎದ್ದಾಗ ಜಾಗಗಳ ಸಾಲಿನಲ್ಲಿ ಅತಿರಪ್ಪಿಳ್ಳಿಯ ಜೊತೆ ಚೀಮೇನಿಯ ಹೆಸರೂ ಬಂತು. ಆ ವರ್ಷದ ಕೊನೆಗೆ ಕೇರಳಕ್ಕೆ ಬಂದಿದ್ದ ಕೇಂದ್ರ ಇಂಧನ ಸಚಿವರು, ರಾಜ್ಯ ಜಾಗ ಕೊಟ್ಟರೆ ನೋಡಬಹುದು ಎಂದರು. ಹೆಸರು ಬರುವುದಕ್ಕೂ ಸ್ಥಾವರ ಬರುವುದಕ್ಕೂ ನಡುವೆ ತುಂಬಾ ದೂರವಿದೆ. ಜಾಗದ ಪರೀಕ್ಷೆ, ಪರಿಸರ ಅನುಮತಿ, ಸಾರ್ವಜನಿಕ ವಿಚಾರಣೆ, ಅಣುಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಎಲ್ಲವೂ ಆಗಬೇಕು. ಪಕ್ಕದ ಕಣ್ಣೂರು ಜಿಲ್ಲೆಯ ಪೆರಿಂಗೋಮಿಗೂ ತೊಂಬತ್ತರ ದಶಕದ ಆರಂಭದಲ್ಲಿ ಸ್ಥಾವರ ಬರುತ್ತದೆ ಎಂದಿತ್ತು. ಜನ ಎದ್ದು ನಿಂತರು, ಯೋಜನೆ ಬಿದ್ದುಹೋಯಿತು. ಹಾಗಾಗಿ ಇವತ್ತೇ ಜಾಗ ಮಾರುವ ಯೋಚನೆ ಬೇಡ. ಗಾಳಿಸುದ್ದಿಗೆ ಹೆದರಿ ಮಾರಿದವರ ಜಾಗ ಅಗ್ಗಕ್ಕೆ ಹೋಗುತ್ತದೆ, ಲಾಭ ದಲ್ಲಾಳಿಗೆ.

ಈಗ ಚಿಮಣಿಗೆ ಬರೋಣ. ದಿನಾ ಹೊರಗೆ ಬಿಡುತ್ತಾರೆ ಎಂಬುದು ನಿಜ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮ ದೇಶದ ಹೆಚ್ಚಿನ ಸ್ಥಾವರಗಳು ಭಾರಜಲ, ಅಂದರೆ ಭಾರದ ಹೈಡ್ರೋಜನ್ ಇರುವ ನೀರು, ಬಳಸುವಂಥವು. ಕೈಗಾದ್ದೂ ಅದೇ ಜಾತಿ. ಭಾರಜಲದೊಳಗೆ ನ್ಯೂಟ್ರಾನ್ ಹೊಕ್ಕಾಗ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹುಟ್ಟುತ್ತದೆ. ಅದು ನೀರಿನೊಳಗೆ ನೀರಾಗಿಯೇ ಇರುವುದರಿಂದ ಫಿಲ್ಟರಿಗೆ ಸಿಕ್ಕುವುದಿಲ್ಲ. ಪಂಪು, ವಾಲ್ವುಗಳ ಸಂದಿನಲ್ಲಿ ಹನಿ ಹನಿ ಜಿನುಗಿ ಆವಿಯಾದದ್ದನ್ನು ಆದಷ್ಟು ಹಿಡಿದು ವಾಪಸು ತೆಗೆಯುತ್ತಾರೆ. ಉಳಿದದ್ದು ಗಾಳಿಯ ಜೊತೆ ಚಿಮಣಿಯಿಂದ ಹೊರಗೆ ಹೋಗುತ್ತದೆ. ದ್ರವರೂಪದ್ದನ್ನು ಅಳೆದು, ತೆಳ್ಳಗೆ ಮಾಡಿ ನೀರಿಗೆ ಬಿಡುತ್ತಾರೆ. ಎಷ್ಟು ಬಿಡಬಹುದು ಎಂಬುದಕ್ಕೆ ಮಿತಿ ಇದೆ. ಬಿಟ್ಟದ್ದಕ್ಕೆ ಲೆಕ್ಕವೂ ಇರಲೇಬೇಕು.

ಟ್ರಿಟಿಯಂನ ಕಿರಣ ತೀರಾ ನಿಶ್ಶಕ್ತ. ಚರ್ಮ ದಾಟಿ ಒಳಗೆ ಬರುವ ಶಕ್ತಿ ಅದಕ್ಕಿಲ್ಲ. ತೊಂದರೆ ಇರುವುದು ಕುಡಿದಾಗ ಅಥವಾ ಉಸಿರಿನ ಜೊತೆ ಒಳಗೆ ಹೋದಾಗ. ಒಳಗೆ ಹೋದದ್ದು ಮೂತ್ರ, ಬೆವರಿನ ಜೊತೆ ಸುಮಾರು ಹತ್ತು ದಿನಕ್ಕೆ ಅರ್ಧ ಹೊರಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳುವ ಮಟ್ಟ ಲೀಟರಿಗೆ 10,000 ಬೆಕೆರೆಲ್ (ವಿಕಿರಣಶೀಲತೆಯ ಅಳತೆಯ ಮಾನ). ಹಾಗೆಂದು ಅದು ಅಮೃತ ಅಂತ ನಾನು ಹೇಳುತ್ತಿಲ್ಲ. ಕಮ್ಮಿ ಇದ್ದಷ್ಟೂ ಒಳ್ಳೆಯದು.

ಲೆಕ್ಕದ ಮಾತು ಸ್ವಲ್ಪ ಹೇಳಬೇಕು. ಮೈಗೆ ತಗಲುವ ವಿಕಿರಣವನ್ನು ಮಿಲಿಸೀವರ್ಟಿನಲ್ಲಿ ಅಳೆಯುತ್ತಾರೆ. ಸ್ಥಾವರದಿಂದ ಹೊರಗಿನ ಒಬ್ಬ ಮನುಷ್ಯನಿಗೆ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಜಾಸ್ತಿ ಬರಬಾರದು ಎಂದು ನಿಯಮ. ಬೇಲಿಯ ಹೊರಗೆ ನಿಜವಾಗಿ ಬರುವುದು ಅದರಲ್ಲಿ ಸಣ್ಣ ಪಾಲು. ಮಣ್ಣು, ಕಲ್ಲು, ಆಕಾಶ, ನಾವು ತಿನ್ನುವ ಊಟ ಇವುಗಳಿಂದಲೇ ಮನುಷ್ಯನಿಗೆ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಬರುತ್ತದೆ. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿಗೆ 8ರಿಂದ 10. ಕೇರಳದ್ದೇ ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿ ಕರಾವಳಿಯಲ್ಲಿ ಮೊನಜೈಟ್ ಮರಳಿನಿಂದಾಗಿ ಸಹಜ ವಿಕಿರಣವೇ ಬೇರೆ ಕಡೆಗಿಂತ ಎಷ್ಟೋ ಪಟ್ಟು ಜಾಸ್ತಿ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಅಲ್ಲಿನ ಜನರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಕಾರಣದಿಂದ ಕ್ಯಾನ್ಸರ್ ಹೆಚ್ಚಾದದ್ದು ಕಂಡುಬಂದಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ. 2007ರಲ್ಲಿ ಜರ್ಮನಿಯವರು ತಮ್ಮ 16 ಸ್ಥಾವರಗಳ ಸುತ್ತ ಒಂದು ಅಧ್ಯಯನ ಮಾಡಿದರು. ಐದು ಕಿ.ಮೀ. ಒಳಗಿನ, ಐದು ವರ್ಷದ ಕೆಳಗಿನ ಮಕ್ಕಳಲ್ಲಿ ರಕ್ತದ ಕ್ಯಾನ್ಸರಿನ ಸಾಧ್ಯತೆ ಸುಮಾರು ಎರಡು ಪಟ್ಟು ಕಂಡಿತು. ಮಕ್ಕಳ ಸಂಖ್ಯೆ ಸಣ್ಣದು. ಅಲ್ಲಿ ಅಳೆದ ವಿಕಿರಣವೂ ಅಷ್ಟು ಪರಿಣಾಮ ಮಾಡುವಷ್ಟು ಇರಲಿಲ್ಲ. ಬ್ರಿಟನ್ನಿನಲ್ಲಿ ನೋಡಿದಾಗ ಹಾಗೆ ಕಾಣಲಿಲ್ಲ. ಕಾರಣ ಇವತ್ತಿಗೂ ಇತ್ಯರ್ಥವಾಗಿಲ್ಲ. "ಅಪಾಯ ಸೊನ್ನೆ" ಎನ್ನುವವರನ್ನು ನಾನು ನಂಬದಿರುವುದು ಇದಕ್ಕೇ. "ಮೂವತ್ತು ಕಿ.ಮೀ. ಒಳಗೆ ಹಾಲು ಕುಡಿಯುವ ಹಾಗಿಲ್ಲ" ಎನ್ನುವವರ ಮಾತನ್ನೂ ನಂಬುವುದಿಲ್ಲ. ನಾನು ಆ ಹಾಲನ್ನು ಅಳೆದವನು. ಕುಡಿದವನು ಕೂಡ.

ಹಾಲಿನ ವಿಷಯ ಬಂದದ್ದಕ್ಕೆ ಒಂದು ಸಂಗತಿ. ನಾವು ಹಾಲನ್ನು ಮುಖ್ಯವಾಗಿ ಅಯೋಡಿನ್-131 ಎಂಬ ವಿಕಿರಣಶೀಲ ಅಯೋಡಿನ್‌ಗಾಗಿ ನೋಡುತ್ತೇವೆ. ಹಸು ಎಷ್ಟೋ ದೂರದ ಹುಲ್ಲು ಮೇಯುತ್ತದೆ, ಹುಲ್ಲಿನ ಮೇಲೆ ಬಿದ್ದದ್ದು ಹಾಲಿಗೆ ಬೇಗ ಬರುತ್ತದೆ. ಬೆಳಿಗ್ಗೆ ಆರಕ್ಕೆ ನಾನು ಒಂದು ಮನೆಗೆ ಹೋಗುತ್ತಿದ್ದೆ. ಆ ಮನೆಯಮ್ಮ ಕರೆದ ಹಾಲನ್ನು ನೊರೆ ಸಮೇತ ನನ್ನ ಕ್ಯಾನಿಗೆ ಸುರಿಯುತ್ತಿದ್ದರು. ಲ್ಯಾಬಿನಲ್ಲಿ ಅದನ್ನು ಸೀಸದ ದಪ್ಪ ಡಬ್ಬದೊಳಗಿನ ಡಿಟೆಕ್ಟರಿಗೆ ಇಟ್ಟರೆ ಗಂಟೆಗಟ್ಟಲೆ ಕಾಯಬೇಕು. ಪರದೆಯ ಮೇಲೆ ಯಾವತ್ತೂ ಒಂದು ಗೆರೆ ಮೇಲೆದ್ದು ನಿಲ್ಲುತ್ತಿತ್ತು. ಅದು ಪೊಟ್ಯಾಸಿಯಂ-40, ಹಾಲಿನಲ್ಲಿ, ಎಳನೀರಿನಲ್ಲಿ, ನಿಮ್ಮ ನನ್ನ ಮೈಯಲ್ಲಿ ಹುಟ್ಟಿನಿಂದ ಇರುವಂಥದ್ದು. ಅಯೋಡಿನ್ ಇರಬೇಕಾದ ಜಾಗ ಖಾಲಿ. ವರ್ಷಗಟ್ಟಲೆ ಖಾಲಿ.

ಒಂದು ದಿನ ಆ ಅಮ್ಮ ಕೇಳಿದರು: "ಹಾಲು ತಗೊಂಡು ಹೋಗ್ತೀರಿ, ಸುದ್ದಿ ಮಾತ್ರ ತರೋದಿಲ್ಲ ಅಲ್ವಾ?" ನನಗೆ ಉತ್ತರ ಬರಲಿಲ್ಲ. ಫಲಿತಾಂಶ ಒಳ್ಳೆಯದೇ ಇತ್ತು. ಆದರೆ ಅದನ್ನು ಒಂದು ಕಾಗದದಲ್ಲಿ ಬರೆದು ಅವರ ಕೈಗೆ ಕೊಡುವ ಅಧಿಕಾರ ನನಗಿರಲಿಲ್ಲ. ಮೇಲಿನವರನ್ನು ಕೇಳಿದೆ. "ವಾರ್ಷಿಕ ವರದಿಯಲ್ಲಿ ಬರುತ್ತದಲ್ಲ" ಅಂದರು. ವರದಿ ಇಂಗ್ಲಿಷಿನಲ್ಲಿ, ಅದರೊಳಗೆ ಸರಾಸರಿ, ಶೇಕಡಾ. ಅವರ ಹಸುವಿನ ಹಾಲು ಎಲ್ಲೂ ಇರಲಿಲ್ಲ. ಆಮೇಲೆ ಆ ಮನೆಗೆ ಹೋಗುವಾಗ ನನಗೆ ಮುಖ ಎತ್ತಿ ನೋಡಲು ಕಷ್ಟವಾಗುತ್ತಿತ್ತು. ನಮ್ಮ ವ್ಯವಸ್ಥೆಯಲ್ಲಿ ಅಳತೆ ಚೆನ್ನಾಗಿದೆ. ಅಳೆದದ್ದನ್ನು ಜನರಿಗೆ ಹೇಳುವ ಅಭ್ಯಾಸ ಇಲ್ಲ. ಸಂಶಯ ಹುಟ್ಟುವುದು ಅಲ್ಲೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಗೆ ಎಂದು ಕೇಳುತ್ತಿದ್ದೀರಿ. ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಹುಟ್ಟಿದ್ದು 1983ರ ನವೆಂಬರಿನಲ್ಲಿ. ಸ್ಥಾವರಕ್ಕೆ ಜಾಗ ಒಪ್ಪುವುದು, ಕಟ್ಟಲು, ಚಾಲೂ ಮಾಡಲು, ನಡೆಸಲು ಹಂತ ಹಂತವಾಗಿ ಲೈಸೆನ್ಸ್ ಕೊಡುವುದು ಅದರ ಕೆಲಸ. ಲೈಸೆನ್ಸ್ ಐದು ವರ್ಷಕ್ಕೆ. ಹತ್ತು ವರ್ಷಕ್ಕೊಮ್ಮೆ ಇಡೀ ಸ್ಥಾವರದ ಮರುಪರಿಶೀಲನೆ. ತಪಾಸಣೆಗೆ ಬಂದವರ ಎದುರು ಸ್ಥಾವರದ ದೊಡ್ಡ ಅಧಿಕಾರಿಗಳು ಬೆವರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು "ನಿಲ್ಲಿಸಿ" ಎಂದರೆ ನಿಲ್ಲುತ್ತದೆ. 1994ರ ಮೇ ತಿಂಗಳಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರದ ಕಾಂಕ್ರೀಟ್ ಕಳಚಿ ಬಿದ್ದಾಗ ಕೆಲಸ ನಿಂತಿತು, ವಿನ್ಯಾಸ ಬದಲಾಯಿತು. ಆ ಘಟಕ ವಿದ್ಯುತ್ ಕೊಟ್ಟದ್ದು 2000ದಲ್ಲಿ. 2016ರ ಮಾರ್ಚಿನಲ್ಲಿ ಗುಜರಾತಿನ ಕಾಕ್ರಾಪಾರದಲ್ಲಿ ಭಾರಜಲ ಸೋರಿದಾಗ ಆ ಘಟಕ ಮತ್ತೆ ಚಾಲೂ ಆಗಲು ಮೂರು ವರ್ಷ ಹಿಡಿಯಿತು.

ಹಾಗಾದರೆ ಕೊರತೆ ಎಲ್ಲಿ? ಮಂಡಳಿ ಹುಟ್ಟಿದ್ದು ಸರಕಾರದ ಒಂದು ಆದೇಶದಿಂದ. ಇಷ್ಟು ವರ್ಷ ಅದು ವರದಿ ಒಪ್ಪಿಸುತ್ತಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ಸ್ಥಾವರ ಕಟ್ಟಿಸುವ ಇಲಾಖೆಯ ಕಾರ್ಯದರ್ಶಿ. ಅಂದರೆ ಪರೀಕ್ಷೆ ಬರೆಯುವ ಹುಡುಗನ ಅಪ್ಪನೇ ಮೌಲ್ಯಮಾಪಕರ ಯಜಮಾನ. ಇದನ್ನು ಹೊರಗಿನವರಷ್ಟೇ ಹೇಳಿದ್ದಲ್ಲ. 1993ರಿಂದ 96ರವರೆಗೆ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಅವರೇ ಗಟ್ಟಿಯಾಗಿ ಹೇಳಿದರು. 2012ರಲ್ಲಿ ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಹೇಳಿತು. 2015ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಂಡ ಬಂದು, ಮಂಡಳಿಯ ಸ್ವಾತಂತ್ರ್ಯವನ್ನು ಕಾನೂನಿನಲ್ಲೇ ಬರೆಯಿರಿ ಎಂದಿತು. 2011ರಲ್ಲಿ ಅದಕ್ಕೆಂದು ತಂದ ಮಸೂದೆ ಲೋಕಸಭೆಯ ಅವಧಿ ಮುಗಿದು ಸತ್ತುಹೋಗಿತ್ತು. ಕೊನೆಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 'ಶಾಂತಿ' ಕಾಯ್ದೆ 1962ರ ಹಳೆಯ ಅಣುಶಕ್ತಿ ಕಾಯ್ದೆಯನ್ನು ತೆಗೆದು ಹಾಕಿತು, ಮಂಡಳಿಗೆ ಕಾನೂನಿನ ಸ್ಥಾನ ಕೊಟ್ಟಿತು. ಅದೇ ಕಾಯ್ದೆ ಖಾಸಗಿಯವರಿಗೂ ಸ್ಥಾವರದ ಬಾಗಿಲು ತೆರೆದಿದೆ. ಕಾಗದದಲ್ಲಿ ಸ್ಥಾನ ಸಿಕ್ಕಿದ್ದು ಒಳ್ಳೆಯದೇ. ಲಾಭಕ್ಕೆ ನಡೆಸುವ ಕಂಪನಿಯೊಂದಕ್ಕೆ ಮಂಡಳಿ "ನಿಲ್ಲಿಸಿ" ಎನ್ನುವ ದಿನ ಬಂದಾಗ ಅದರ ಗಟ್ಟಿತನ ಗೊತ್ತಾಗುತ್ತದೆ. ನನ್ನ ಮಟ್ಟಿಗೆ, ಸ್ಥಾವರದ ಗೋಡೆಯ ದಪ್ಪಕ್ಕಿಂತ ಈ "ನಿಲ್ಲಿಸಿ" ಎಂಬ ಮಾತಿನ ತೂಕ ದೊಡ್ಡದು.

ಸಿಎಜಿ ವರದಿಯ ಇನ್ನೊಂದು ಮಾತು ಜನರ ಕಿವಿಗೆ ಬೀಳಲೇ ಇಲ್ಲ. ದೇಶದ ಆಸ್ಪತ್ರೆ, ಕ್ಲಿನಿಕ್ಕುಗಳ ಎಕ್ಸ್‌ರೇ ಯಂತ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಆಗ ಮಂಡಳಿಯ ನೋಂದಣಿಯಲ್ಲೇ ಇರಲಿಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಒಬ್ಬರ ಜೀವ ಹೋದದ್ದು ಸ್ಥಾವರದಿಂದ ಅಲ್ಲ, ಗುಜರಿಗೆ ಬಂದ ಕೋಬಾಲ್ಟ್-60ರ ಹಳೆಯ ಉಪಕರಣದಿಂದ. ಕಾವಲು ದೊಡ್ಡ ಗೇಟಿನಲ್ಲಿ ಬಿಗಿ, ಹಿತ್ತಿಲ ಬಾಗಿಲಲ್ಲಿ ಸಡಿಲ. ಊರಿನ ಲ್ಯಾಬಿನಲ್ಲಿ ಎಕ್ಸ್‌ರೇ ತೆಗೆಸುವಾಗ "ಎಇಆರ್‌ಬಿ ಲೈಸೆನ್ಸ್ ಎಲ್ಲಿ?" ಎಂದು ಕೇಳುವುದು ನಿಮ್ಮ ಹಕ್ಕು.

ಕೈಗಾದ 2009ರ ಪ್ರಕರಣ ನಿಮಗೆ ನೆನಪಿರಬಹುದು. ಟ್ರಿಟಿಯಂ ಇದ್ದ ಭಾರಜಲವನ್ನು ಒಳಗಿನವರೇ ಯಾರೋ ಕುಡಿಯುವ ನೀರಿನ ಕೂಲರಿಗೆ ಸೇರಿಸಿದರು. ಸುಮಾರು ಐವತ್ತು ನೌಕರರ ಮೈಗೆ ಅದು ಹೋಯಿತು. ಹೊರಗೆ ಸೋರಲಿಲ್ಲ. ಸಿಕ್ಕಿಬಿದ್ದದ್ದು ಹೇಗೆ ಗೊತ್ತೇ? ನೌಕರರ ಮೂತ್ರವನ್ನು ತಪ್ಪದೆ ಪರೀಕ್ಷಿಸುವ ಪದ್ಧತಿ ಇದ್ದುದರಿಂದ. ಅಳತೆ ಇದ್ದಲ್ಲಿ ಕಳ್ಳತನ ಬಯಲಾಗುತ್ತದೆ. ಹೊರಗಿನ ಜನರಿಗೆ ಸುದ್ದಿ ಮುಟ್ಟಲು ಮಾತ್ರ ಕೆಲವು ದಿನ ಹಿಡಿಯಿತು, ಅದೂ ಪತ್ರಿಕೆಗಳ ಮೂಲಕ.

ಈಗ ನಿಮ್ಮ ತವರಿನ ಕಥೆಗೆ. ಎಂಡೋಸಲ್ಫಾನಿನಲ್ಲಿ ಸೋತದ್ದು ಎಲ್ಲಿ? ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಸಿಂಪಡಿಸಿದರು. ಶುರು ಮಾಡುವ ಮೊದಲು ಆ ಹಳ್ಳಿಗಳ ಬಾವಿ, ಮಣ್ಣು, ಮಕ್ಕಳ ಆರೋಗ್ಯ ಹೇಗಿತ್ತು ಎಂದು ಯಾರೂ ಬರೆದಿಡಲಿಲ್ಲ. ಹಾಗಾಗಿ ಕಾಯಿಲೆ ಕಣ್ಣೆದುರು ಕಂಡರೂ "ಇದು ಅದರಿಂದಲೇ ಎಂಬುದಕ್ಕೆ ಪುರಾವೆ ಏನು?" ಎಂದು ವರ್ಷಗಟ್ಟಲೆ ವಾದ ಮಾಡಲು ಬಂತು. ಸುಪ್ರೀಂ ಕೋರ್ಟು ನಿಷೇಧ ಹೇರಿದ್ದು 2011ರಲ್ಲಿ, ಐದು ಲಕ್ಷ ಪರಿಹಾರ ಕೊಡಿ ಎಂದದ್ದು 2017ರಲ್ಲಿ. ಆ ಹನ್ನೊಂದು ಪೀಡಿತ ಪಂಚಾಯತುಗಳ ಪಟ್ಟಿಯಲ್ಲಿ ನಿಮ್ಮ ಎಣ್ಮಕಜೆ ಇದೆ. ಕಯ್ಯೂರು-ಚೀಮೇನಿಯೂ ಇದೆ.

ಈ ಕೊನೆಯ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ನಾಳೆ ಅಲ್ಲಿ ಸ್ಥಾವರ ಬಂದು, ಒಂದು ಮಗುವಿಗೆ ಕಾಯಿಲೆ ಬಂತೆಂದು ಇಟ್ಟುಕೊಳ್ಳಿ. ಸ್ಥಾವರದವರು "ಅದು ಎಂಡೋಸಲ್ಫಾನಿನದ್ದು" ಎನ್ನಬಹುದು. ಬೇರೆಯವರು ಹಳೆಯ ಕಾಯಿಲೆಯನ್ನೂ ಸ್ಥಾವರದ ತಲೆಗೆ ಕಟ್ಟಬಹುದು. ನಡುವೆ ಮಗುವಿನ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಇದಕ್ಕಿರುವ ಒಂದೇ ದಾರಿ, ಮೊದಲ ಕಲ್ಲು ಹಾಕುವ ಮುಂಚೆ ಎಲ್ಲವನ್ನೂ ಅಳೆದು ಬರೆದಿಡುವುದು. ಸ್ಥಾವರ ಚಾಲೂ ಆಗುವ ಮೊದಲೇ ಪರಿಸರ ಪ್ರಯೋಗಾಲಯ ಕೆಲಸ ಶುರು ಮಾಡಿ ಮೂಲ ಮಟ್ಟವನ್ನು ಅಳೆಯುವುದು ನಮ್ಮಲ್ಲಿ ರೂಢಿ. ಆದರೆ ಅದು ವಿಕಿರಣದ ಅಳತೆ. ಮನೆ ಮನೆಯ ಆರೋಗ್ಯದ ದಾಖಲೆ ಅದರಷ್ಟೇ ಮುಖ್ಯ. ಅದನ್ನು ಸ್ಥಾವರದ ಜೊತೆ ಸಂಬಂಧ ಇಲ್ಲದ ವೈದ್ಯರ ತಂಡ ಮಾಡಬೇಕು. ಬಾವಿಯಷ್ಟೇ ಸಾಲದು, ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗದ ನೀರೂ ಪಟ್ಟಿಯಲ್ಲಿ ಇರಲಿ. ಬಂಡೆ, ಮುರಕಲ್ಲಿನ ಒಳಗಿಂದ ಬರುವ ನೀರಿನಲ್ಲಿ ಸಹಜವಾಗಿಯೇ ರೇಡಾನ್ ಎಂಬ ವಿಕಿರಣಶೀಲ ಅನಿಲ ಇರಬಹುದು. ಮಣ್ಣಿನಲ್ಲಿ ಸೀಸಿಯಂ-137 ಎಂಬ ವಿಕಿರಣಶೀಲ ವಸ್ತು ಅಲ್ಪ ಸ್ವಲ್ಪ ಈಗಲೇ ಸಿಗುತ್ತದೆ. ಅದು ಐವತ್ತು ಅರವತ್ತರ ದಶಕದಲ್ಲಿ ದೊಡ್ಡ ದೇಶಗಳು ಬಾಂಬು ಸಿಡಿಸಿದಾಗ ಜಗತ್ತಿನ ಎಲ್ಲ ಕಡೆ ಮಳೆಯ ಜೊತೆ ಇಳಿದದ್ದು. ಅರ್ಧ ಆಗಲು ಅದಕ್ಕೆ ಮೂವತ್ತು ವರ್ಷ ಬೇಕು. ಈಗ ಅಳೆಯದಿದ್ದರೆ ಮುಂದೆ ಅದು ಯಾರದ್ದೆಂದು ಹೇಳುವುದು ಕಷ್ಟ.

ನಿಮ್ಮೆದುರು ಇರುವ ದಾರಿಗಳ ಬಗ್ಗೆ. ಸ್ಥಾವರವೇ ಬೇಡ ಎನ್ನುವುದು ಒಂದು ದಾರಿ. ಚೀಮೇನಿಯಲ್ಲಿ ಹಿಂದೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಎಂದಾಗಲೂ ಜನ ಬೇಡ ಎಂದಿದ್ದರು. ಒಂದು ಸಲ ಪೆಟ್ಟು ತಿಂದ ಜಿಲ್ಲೆ ಇನ್ನೊಂದು ಭಾರ ಹೊರಲಾರೆ ಎಂದರೆ ಅದನ್ನು ಅಜ್ಞಾನ ಎನ್ನುವ ಹಕ್ಕು ಯಾವ ವಿಜ್ಞಾನಿಗೂ ಇಲ್ಲ. ಆದರೆ "ಬೇಡ" ಎಂದು ಸಭೆಯಿಂದ ಹೊರಗೆ ಬಂದರೆ ಒಳಗೆ ಷರತ್ತು ಕೇಳುವವರು ಇರುವುದಿಲ್ಲ. ಯೋಜನೆ ಬಂದೇಬಿಟ್ಟರೆ ಕೈ ಖಾಲಿ. ಹಾಗಾಗಿ ವಿರೋಧಿಸುವವರೂ ಮೂಲ ಅಳತೆಯನ್ನು ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ವಿಚಾರಣೆ ನಡೆಯಬೇಕು. ಕನಿಷ್ಠ ಮೂವತ್ತು ದಿನ ಮುಂಚೆ ನೋಟಿಸು ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಕಾಸರಗೋಡಿನಲ್ಲಿ ಸ್ಥಳೀಯ ಭಾಷೆ ಎಂದರೆ ಮಲಯಾಳ ಒಂದೇ ಅಲ್ಲ. ಕನ್ನಡದಲ್ಲೂ ಕೊಡಿ ಎಂದು ಕಲೆಕ್ಟರಿಗೆ ಬರೆದು ಕೇಳಿ. ಮಾತಾಡಲು ಹೆದರಿಕೆಯಾದರೆ ಬರಹದಲ್ಲೂ ಆಕ್ಷೇಪ ಕೊಡಬಹುದು. ಒಂದು ಕಹಿ ಸತ್ಯವೂ ಇದೆ. ವಿಚಾರಣೆ ಅಂದರೆ ಓಟು ಅಲ್ಲ. ಎಲ್ಲರೂ ಬೇಡ ಎಂದರೂ ಅಷ್ಟರಿಂದಲೇ ಯೋಜನೆ ನಿಲ್ಲುವುದಿಲ್ಲ. ಆದರೆ ಅಲ್ಲಿ ದಾಖಲಾದ ಪ್ರಶ್ನೆಗೆ ಅವರು ಉತ್ತರ ಕೊಡಲೇಬೇಕು, ಅದು ಮುಂದೆ ಕೋರ್ಟಿಗೂ ಬೇಕಾಗುತ್ತದೆ.

ಅಲ್ಲಿ ಎಲ್ಲರೂ ವಿಕಿರಣದ ಬಗ್ಗೆಯೇ ಕೇಳುತ್ತಾರೆ. ನೀರಿನ ಬಗ್ಗೆ ಕೇಳುವುದಿಲ್ಲ. ಸ್ಥಾವರದೊಳಗೆ ಹುಟ್ಟುವ ಬಿಸಿಯಲ್ಲಿ ವಿದ್ಯುತ್ ಆಗುವುದು ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಬಿಸಿಯನ್ನು ಎಲ್ಲಿಗಾದರೂ ಬಿಡಲೇಬೇಕು. ಕೈಗಾಕ್ಕೆ ಕದ್ರಾ ಜಲಾಶಯ ಇದೆ. ಇಲ್ಲಿ ಯಾವ ನೀರು? ತೇಜಸ್ವಿನಿ ಹೊಳೆಯದ್ದೇ? ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಏನು ಮಾಡುತ್ತೀರಿ? ಈ ಪ್ರಶ್ನೆ ಕೇಳಿ ನೋಡಿ, ಉತ್ತರ ಕೊಡುವವರ ತಯಾರಿ ಎಷ್ಟೆಂದು ಗೊತ್ತಾಗುತ್ತದೆ. ತುರ್ತು ಯೋಜನೆಯನ್ನೂ ಕೇಳಿ. ಸ್ಥಾವರದಿಂದ ಹದಿನಾರು ಕಿ.ಮೀ. ದೂರದವರೆಗೆ ಸುತ್ತಲೂ ಅದು ಇರಬೇಕು, ಹೊರಗಿನ ಹೊಣೆ ಕಲೆಕ್ಟರದ್ದು, ಎರಡು ವರ್ಷಕ್ಕೊಮ್ಮೆ ಅಣಕು ಕವಾಯತು ನಡೆಯಬೇಕು. ಸಪ್ತಭಾಷೆಯ ಈ ನೆಲದಲ್ಲಿ ರಾತ್ರಿ ಹನ್ನೆರಡಕ್ಕೆ ಮೈಕಿನಲ್ಲಿ ಯಾವ ಭಾಷೆಯಲ್ಲಿ ಕೂಗುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಅಯೋಡಿನ್ ಮಾತ್ರೆ ಈಗ ತಂದಿಡಬೇಡಿ. ಸ್ಥಾವರವೇ ಇಲ್ಲದ ಊರಿನಲ್ಲಿ ಅದರ ಕೆಲಸ ಇಲ್ಲ. ಇದ್ದಲ್ಲಿಯೂ ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗುವಂಥದ್ದು. ಥೈರಾಯ್ಡ್ ಒಂದನ್ನೇ ಅದು ಕಾಯುತ್ತದೆ, ಸುಮ್ನೆ ತಿಂದರೆ ಅದೇ ಥೈರಾಯ್ಡ್ ಕೆಡಬಹುದು. ಅಯೋಡಿನ್ ಉಪ್ಪು ಜಾಸ್ತಿ ತಿಂದರೆ ರಕ್ಷಣೆ ಸಿಗುತ್ತದೆ ಎಂಬುದು ಶುದ್ಧ ಸುಳ್ಳು. ಆನ್‌ಲೈನಿನಲ್ಲಿ ಸಿಗುವ ಗೈಗರ್ ಕೌಂಟರಿಗೂ ದುಡ್ಡು ಹಾಕಬೇಡಿ. ಟ್ರಿಟಿಯಂ ಪಕ್ಕದಲ್ಲೇ ಇದ್ದರೂ ಅದಕ್ಕೆ ಕಾಣುವುದಿಲ್ಲ. ಅದು ಸುಮ್ಮನಿದೆ ಎಂದು ನೀವು ನಿಶ್ಚಿಂತರಾಗುತ್ತೀರಿ, ಅಥವಾ ಹೊಸ ಗ್ರಾನೈಟ್ ನೆಲಕ್ಕೆ ಟಿಕ್ ಟಿಕ್ ಅಂದದ್ದಕ್ಕೆ ಹೆದರುತ್ತೀರಿ.

ಬಾಟಲಿಯ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ಯೋಚನೆ, ಆದರೆ ಪ್ಲಾಸ್ಟಿಕ್ ಬೇಡ. ಗಾಜಿನ ಬಾಟಲಿಯಲ್ಲಿ ಬಾಯಿಯವರೆಗೆ, ಗಾಳಿ ಉಳಿಯದ ಹಾಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ. ತಾರೀಕು, ಬಾವಿ ಯಾವುದೆಂದು ಬರೆದಿಡಿ. ಹನ್ನೆರಡು ವರ್ಷಕ್ಕೆ ಅದರೊಳಗಿನ ಟ್ರಿಟಿಯಂ ಅರ್ಧ ಆಗಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಮನೆಯ ಕಪಾಟಿನ ಬಾಟಲಿಗಿಂತ ಲ್ಯಾಬಿನ ಸಹಿ ಇರುವ ಒಂದು ಹಾಳೆ ಕೋರ್ಟಿನಲ್ಲಿ ಜಾಸ್ತಿ ನಿಲ್ಲುತ್ತದೆ. ಗಡಿಯಾಚೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣವನ್ನೇ ಅಧ್ಯಯನ ಮಾಡುವ ಕೇಂದ್ರವಿದೆ, ಕೈಗಾದ ಸುತ್ತಲೂ ಕೆಲಸ ಮಾಡಿದವರು. ನಿಮ್ಮ ಪಂಚಾಯತಿನವರ ಹತ್ತಿರ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿಸಿ, ಹತ್ತಿಪ್ಪತ್ತು ಬಾವಿ, ನಾಲ್ಕು ಸುರಂಗ, ಎರಡು ಹಟ್ಟಿಯ ಹಾಲು ಎಂದು ಪಟ್ಟಿ ಮಾಡಿ, ಅವರನ್ನೋ ಅಂಥ ಬೇರೆ ಲ್ಯಾಬನ್ನೋ ಕೇಳಿ. ಮಳೆಗಾಲಕ್ಕೆ ಮೊದಲು ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ. ಫಲಿತಾಂಶದ ಒಂದು ಪ್ರತಿ ಪಂಚಾಯತಿನಲ್ಲಿ ಇರಲಿ. ಇನ್ನೊಂದನ್ನು ಹಾಲು ಕೊಟ್ಟ ಮನೆಗೆ, ನೀರು ಕೊಟ್ಟ ಮನೆಗೆ, ಅವರ ಭಾಷೆಯಲ್ಲಿ ಬರೆದು ಕೈಗೆ ಕೊಡಿ.